ಎಚ್‌ಇಪಿ ಓದಿದವನ ಕಾಕ್‌ಪಿಟ್

ಮಧ್ಯಾಹ್ನದ ಇತಿಹಾಸದ ತರಗತಿಯಲ್ಲಿ ನಾನು ಕೂರುತ್ತಿದ್ದದ್ದು ಕಿಟಕಿಯ ಪಕ್ಕ. ಒಂದು ದಿನ ಮೇಷ್ಟ್ರು ಪಾಠ ನಿಲ್ಲಿಸಿ, "ಏನಯ್ಯಾ, ಅಶೋಕನ ಶಾಸನ ಆಕಾಶದಲ್ಲಿ ಕೆತ್ತಿದೆಯಾ?" ಎಂದರು. ವಾಯುಪಡೆಯ ಪೈಲಟ್ ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ ಸಾರ್ ಎಂದುಬಿಟ್ಟೆ. ಕ್ಲಾಸೆಲ್ಲ ಗೊಳ್ಳೆಂದಿತು. ಅವರು ಮಾತ್ರ ನಗದೆ, "ಪಿಯುಸಿಯಲ್ಲಿ ಏನಿತ್ತು?" ಎಂದು ಕೇಳಿದರು.

ಪಿಸಿಎಂಬಿ ಇತ್ತು. ಸಿಇಟಿಯಲ್ಲಿ ಬಂದ ರ‍್ಯಾಂಕಿಗೆ ಸರ್ಕಾರಿ ಸೀಟು ಸಿಗಲಿಲ್ಲ, ಅಪ್ಪನ ಟೈಲರ್ ಅಂಗಡಿಯ ದುಡ್ಡಿಗೆ ಬೇರೆ ಸೀಟು ಎಟುಕಲಿಲ್ಲ. ಹಾಗಾಗಿ ಬಿಎ, ಎಚ್‌ಇಪಿ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಪಿಯುಸಿಯ ಎರಡು ವರ್ಷ ದಂಡವಾಯಿತೆಂದೇ ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಆದರೆ ವಾಯುಪಡೆಯ ಪ್ರವೇಶ ಪರೀಕ್ಷೆಯಾದ ಎಎಫ್‌ಸಿಎಟಿ ಮೂಲಕ ಫ್ಲೈಯಿಂಗ್ ಶಾಖೆಗೆ ಹೋಗಲು ಯಾವ ಪದವಿಯಾದರೂ ನಡೆಯುತ್ತದೆ, ಶೇ. 60 ಅಂಕ ಇದ್ದರಾಯಿತು. ಪಿಯುಸಿಯಲ್ಲಿ ಮಾತ್ರ ಗಣಿತ, ಭೌತಶಾಸ್ತ್ರ ಓದಿರಲೇಬೇಕು. ಈಗಿನ ನಿಯಮದಂತೆ ಎರಡರಲ್ಲೂ ತಲಾ ಶೇ. 50. ನನ್ನ ಬೆಂಚಿನ ಗೆಳೆಯ ನನಗಿಂತ ಚುರುಕು, ಕ್ರಿಕೆಟ್ಟಿನಲ್ಲಿ ಅವನ ಕಣ್ಣು-ಕೈ ನೋಡಬೇಕಿತ್ತು. ಅವನು ಪಿಯುಸಿಯಲ್ಲಿ ಕಲಾ ವಿಭಾಗ. ಅರ್ಜಿಯನ್ನೇ ತುಂಬಲಾಗಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಯಾರೋ ಹೇಳಿದ್ದಕ್ಕೆ ಹಾಕಿದ ಟಿಕ್ಕು ಅದು. ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಮೈಸೂರಿನ ಆಯ್ಕೆ ಮಂಡಳಿಯಲ್ಲಿ ಐದು ದಿನ. ಅದು ಮುಗಿದ ಮೇಲೆ ಪೈಲಟ್ ಆಗುವವರಿಗೆ ಕಂಪ್ಯೂಟರಿನ ಮುಂದೆ ಇನ್ನೊಂದು ಪರೀಕ್ಷೆ, ಸಿಪಿಎಸ್‌ಎಸ್. ಕೈಯಲ್ಲಿ ಸ್ಟಿಕ್, ಕಾಲಡಿ ಪೆಡಲು. ಪರದೆಯ ಮೇಲೆ ಜಾರಿಹೋಗುವ ಚುಕ್ಕಿಯನ್ನು ನಡುವೆ ಹಿಡಿದಿಡಬೇಕು, ಜೊತೆಗೇ ದೀಪ ಹೊತ್ತಿದರೆ ಆರಿಸಬೇಕು, ಸದ್ದು ಬಂದರೆ ನಿಲ್ಲಿಸಬೇಕು. ಜೀವಮಾನದಲ್ಲಿ ಒಂದೇ ಸಲ. ಫೇಲಾದರೆ ಪೈಲಟ್ ಆಗುವ ಬಾಗಿಲು ಅಲ್ಲಿಗೇ ಮುಚ್ಚಿತು. ಅಪ್ಪನ ಹೊಲಿಗೆ ಮಷೀನಿನಲ್ಲಿ ಚಿಕ್ಕಂದಿನಿಂದ ಕಾಲು ತುಳಿದು ಕೈಯಲ್ಲಿ ಬಟ್ಟೆ ತಿರುಗಿಸಿದವನು ನಾನು. ಅದರಿಂದಲೇ ಪಾಸಾದೆ ಎನ್ನಲಾರೆ. ಅಪ್ಪ ಮಾತ್ರ ಊರಿಗೆಲ್ಲ ಹಾಗೇ ಹೇಳಿಕೊಂಡು ಬಂದರು.

ಹೈದರಾಬಾದ್ ಹತ್ತಿರದ ದುಂಡಿಗಲ್ ಅಕಾಡೆಮಿಯಲ್ಲಿ ನನ್ನ ರೂಮ್‌ಮೇಟ್ ಮೆಕ್ಯಾನಿಕಲ್ ಎಂಜಿನಿಯರ್. ಮೊದಲ ವಾರಗಳಲ್ಲಿ ಅವನು ರಾಜ, ನಾನು ಬೆಪ್ಪ. ವಾಯುಚಲನಶಾಸ್ತ್ರದ ತರಗತಿಯಲ್ಲಿ ರೆಕ್ಕೆಯ ಕೋನ ಹೆಚ್ಚಾದಂತೆ ಲಿಫ್ಟ್, ಅಂದರೆ ವಿಮಾನವನ್ನು ಮೇಲೆತ್ತುವ ಬಲ, ಏರುತ್ತ ಹೋಗಿ ಒಂದು ಹಂತದಲ್ಲಿ ಏಕೆ ಕುಸಿಯುತ್ತದೆ ಎಂಬುದನ್ನು ಅವನು ಸಮೀಕರಣದಲ್ಲಿ ನೋಡುತ್ತಿದ್ದ, ನಾನು ಬಾಯಿಪಾಠ ಮಾಡುತ್ತಿದ್ದೆ. ರಾತ್ರಿ ಅವನೇ ನನಗೆ ಹೇಳಿಕೊಟ್ಟದ್ದು. ಪದವಿಯ ವಿಷಯ ಲೆಕ್ಕಕ್ಕೇ ಇಲ್ಲ ಎಂದು ನಾನೀಗ ಬರೆದರೆ ಅವನು ನಕ್ಕಾನು.

ಆದರೆ ತರಬೇತಿ ವಿಮಾನ ಪಿಲಾಟಸ್ ಪಿಸಿ-7ರ ಮುಂದಿನ ಸೀಟಿನಲ್ಲಿ ಕೂತ ಮೇಲೆ ಆಟ ಬೇರೆ. ಹಿಂದಿನ ಸೀಟಿನ ಬೋಧಕರ ದನಿ ಕಿವಿಯಲ್ಲಿ, ರೇಡಿಯೊದಲ್ಲಿ ಇನ್ಯಾರದೋ ದನಿ, ಎತ್ತರ ಇಳಿಯುತ್ತಿದೆ, ವೇಗ ಏರುತ್ತಿದೆ, ರನ್‌ವೇ ಹತ್ತಿರ ಬರುತ್ತಿದೆ. ಅಲ್ಲಿ ಗೊತ್ತಿರುವುದು ಸಾಲದು, ಗೊತ್ತಿದ್ದದ್ದು ಆ ಕ್ಷಣಕ್ಕೆ ಕೈಗೆ ಬರಬೇಕು. ನಾನು ರಾತ್ರಿ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಪೊರಕೆಯ ಹಿಡಿಯನ್ನೇ ಸ್ಟಿಕ್ ಮಾಡಿಕೊಂಡು ಹಾರಾಟದ ಪ್ರತಿ ತಪಾಸಣೆಯನ್ನೂ ಬಾಯಲ್ಲಿ ಹೇಳುತ್ತಿದ್ದೆ. ಇಸವಿಗಳನ್ನು ಉರು ಹೊಡೆದ ಬಾಯಿ ತಾನೆ! ದಾರಿ ಹುಡುಕುವುದಕ್ಕೆ ಬೇಕಾದ ಗಣಿತವೂ ಮನಸ್ಸಿನಲ್ಲೇ ಮಾಡುವಂಥದ್ದು. 60 ಮೈಲಿ ಹಾರಿದಾಗ 1 ಮೈಲಿ ಪಕ್ಕಕ್ಕೆ ಸರಿದಿದ್ದರೆ 1 ಡಿಗ್ರಿ ತಪ್ಪಿದ್ದೀರಿ ಎಂದರ್ಥ. ಎಂಟನೇ ಕ್ಲಾಸಿನ ಲೆಕ್ಕ, ಮಾಡುವ ಜಾಗ ಮಾತ್ರ ಕಷ್ಟದ್ದು.

ರೂಮ್‌ಮೇಟಿನ ಹಾರಾಟ ಅರ್ಧಕ್ಕೇ ನಿಂತಿತು. ಎಂಜಿನಿಯರ್ ಆದದ್ದಕ್ಕಲ್ಲ, ಒಂದು ತಪ್ಪಾದರೆ ಅದನ್ನೇ ಮೆಲುಕು ಹಾಕುತ್ತ ಅವನು ಮುಂದಿನದನ್ನು ಬಿಟ್ಟುಬಿಡುತ್ತಿದ್ದ. ಅಬ್ದುಲ್ ಕಲಾಂ ಮದ್ರಾಸಿನಲ್ಲಿ ವೈಮಾನಿಕ ಎಂಜಿನಿಯರಿಂಗನ್ನೇ ಓದಿದವರು. ಡೆಹ್ರಾಡೂನಿನಲ್ಲಿ ನಡೆದ ವಾಯುಪಡೆಯ ಆಯ್ಕೆಯಲ್ಲಿ 25 ಜನರ ಪೈಕಿ ಒಂಬತ್ತನೆಯವರಾದರು, ಇದ್ದದ್ದು 8 ಹುದ್ದೆ. ಇತ್ತ 2016ರಲ್ಲಿ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳಲ್ಲಿ ಒಬ್ಬರಾದ ಭಾವನಾ ಕಾಂತ್ ಓದಿದ್ದು ಬೆಂಗಳೂರಿನ ಬಿಎಂಎಸ್ ಕಾಲೇಜಿನಲ್ಲಿ, ಮೆಡಿಕಲ್ ಎಲೆಕ್ಟ್ರಾನಿಕ್ಸ್. ಆಸ್ಪತ್ರೆಯ ಯಂತ್ರಗಳ ಓದಿಗೂ ಫೈಟರ್‌ಗೂ ಏನು ನಂಟೋ!

ಯಾರು ಫೈಟರ್, ಯಾರು ಹೆಲಿಕಾಪ್ಟರ್, ಯಾರು ಸಾರಿಗೆ ವಿಮಾನ ಎಂದು ಹಂಚುವಾಗ ನನ್ನ ಡಿಗ್ರಿಯನ್ನು ಯಾರೂ ಕೇಳಲಿಲ್ಲ. ನನಗೆ ಸಾರಿಗೆ ಬಂತು. ಮುಂದಿನ ತರಬೇತಿ ಯಲಹಂಕದಲ್ಲಿ, ಡಾರ್ನಿಯರ್ ಎಂಬ ಚಿಕ್ಕ ಸಾರಿಗೆ ವಿಮಾನದ ಮೇಲೆ. ಮನೆಗೆ ಒಂದೇ ರಾತ್ರಿಯ ಬಸ್ಸಿನ ದಾರಿ!

ಹೋದ ವರ್ಷ ಕಾಲೇಜಿಗೆ ಬಂದಾಗ ಕೊನೆಯ ವರ್ಷದ ಬಿಕಾಂ ಹುಡುಗಿಯೊಬ್ಬಳು ಮೆಟ್ಟಿಲ ಹತ್ತಿರ ನಿಲ್ಲಿಸಿ, "ಸಾರ್, ನಾನು ಕಾಮರ್ಸು, ಆಗುತ್ತಾ?" ಎಂದಳು.

"ಪಿಯುಸಿಯಲ್ಲಿ ಏನಿತ್ತಮ್ಮಾ?"

"ಪಿಸಿಎಂಸಿ ಸಾರ್."

ಗಣಿತ, ಭೌತಶಾಸ್ತ್ರ ಎರಡೂ ಇವೆ, ಅರ್ಜಿ ಹಾಕು ಎಂದೆ. ಅವಳ ಪಕ್ಕದಲ್ಲಿದ್ದ ಹುಡುಗನೂ ಬಾಯಿ ತೆರೆದವನು, ನನ್ನ ಪ್ರಶ್ನೆ ಕೇಳಿ ಸುಮ್ಮನಾದ. ಅವನಿಗೆ ಲೆಕ್ಕಪತ್ರ ಶಾಖೆಯ ಬಗ್ಗೆ ಹೇಳಿದೆ. ಅಲ್ಲಿ ಬಿಕಾಂಗೆ ಬೆಲೆಯಿದೆ. ಹ್ಞೂಂ ಸಾರ್ ಎಂದ. ಕಣ್ಣು ಮಾತ್ರ ನನ್ನ ಎದೆಯ ಮೇಲಿನ ರೆಕ್ಕೆಯ ಮೇಲೇ ಇತ್ತು.