ಮಂಗಳವಾರದ ಎರಡು ಕೊಪ್ಪರಿಗೆ

ಸಂಕ್ರಾಂತಿ ಇನ್ನೇನು ಬಂತು ಎನ್ನುವ ದಿನಗಳು. ಗುರುವಾರ ಬೆಳಗ್ಗೆ ಏಳು ಗಂಟೆಗೆ ಸೋದರಮಾವ ಫೋನ್ ಮಾಡಿದರು. "ಏನವ್ವ, ಮಂಗಳವಾರ ಆರು ಕೊಪ್ಪರಿಗೆ ಇಳಿಸಿದ್ದೇವೆ. ಮೊಬೈಲ್ ನಾಲ್ಕು ಎನ್ನುತ್ತಿದೆ. ನಿನ್ನೆ ಬೆಲ್ಟ್ ಹರಿದು ಗಾಣವೇ ತಿರುಗಲಿಲ್ಲ, ಅಲ್ಲಿ ಎರಡು ತೋರಿಸುತ್ತಿದೆ. ಕೂಲಿ ಯಾವ ಲೆಕ್ಕದಲ್ಲಿ ಕೊಡಲಿ?"

ಮಾವನ ಆಲೆಮನೆ ಪಾಂಡವಪುರದ ಕಡೆ, ವಿ.ಸಿ. ನಾಲೆಯ ಬಯಲಿನಲ್ಲಿದೆ. ಆಳುಗಳಿಗೆ ಕೂಲಿ ಕೊಪ್ಪರಿಗೆಯ ಲೆಕ್ಕದಲ್ಲಿ. ಎರಡು ಕೊಪ್ಪರಿಗೆ ಆಚೀಚೆಯಾದರೆ ಅಷ್ಟೂ ಜನರ ಸಂಬಳ ತಪ್ಪುತ್ತದೆ. ಆ ಲೆಕ್ಕದ ತಂತ್ರಾಂಶ ಬರೆದವಳು ನಾನು. ಮಂಡ್ಯದ ಮನೆಯಲ್ಲಿ ಕಾಫಿ ಲೋಟ ಹಾಗೆಯೇ ಬಿಟ್ಟು ಲ್ಯಾಪ್‌ಟಾಪ್ ತೆರೆದೆ.

ಮೊದಲು, ಇದಕ್ಕೆ ಕೋಷ್ಟಕಗಳ ಡೇಟಾಬೇಸ್ ಬಿಟ್ಟು, ಮಾಹಿತಿಯನ್ನು ಬಿಡಿ ಬಿಡಿ ಡಾಕ್ಯುಮೆಂಟುಗಳಾಗಿ ಇಡುವ ಮಾಂಗೊಡಿಬಿ ಎಂಬ ಡೇಟಾಬೇಸ್ ಏಕೆ ಹಿಡಿದೆ ಎಂಬುದನ್ನು ಹೇಳುತ್ತೇನೆ. ಮಾವನ ಕೆಂಪು ರಟ್ಟಿನ ಪುಸ್ತಕದಲ್ಲಿ ಒಂದು ಪುಟದಂತೆ ಇನ್ನೊಂದು ಪುಟವಿಲ್ಲ. ಒಬ್ಬ ರೈತ ಕಬ್ಬನ್ನು ಟನ್ನಿನ ಲೆಕ್ಕದಲ್ಲಿ ಮಾರಿ ಹೋಗುತ್ತಾನೆ. ಇನ್ನೊಬ್ಬ ತನ್ನ ಕಬ್ಬನ್ನು ತಾನೇ ಆಡಿಸಿಕೊಂಡು ಬಾಡಿಗೆ ಕೊಡುತ್ತಾನೆ. ಒಬ್ಬರಿಗೆ ಮುಂಗಡ, ಮತ್ತೊಬ್ಬರಿಗೆ ಕಡಿಯುವ ಕೂಲಿ ಮಾವನದೇ, ಮಗದೊಬ್ಬರು ದನಕ್ಕೆ ಸೋಗೆ ತಮಗೇ ಬೇಕು ಎನ್ನುತ್ತಾರೆ. ಒಂದು ಪುಟದಲ್ಲಿ ಅಚ್ಚು ಬೆಲ್ಲ, ಇನ್ನೊಂದರಲ್ಲಿ ಬಕೆಟ್ ಬೆಲ್ಲ, ಅದರ ಪಕ್ಕದಲ್ಲಿ ಪುಡಿ ಬೆಲ್ಲ. ಇಷ್ಟನ್ನೂ ಒಂದೇ ಕೋಷ್ಟಕಕ್ಕೆ ತುರುಕಿದರೆ ಅರ್ಧ ಮನೆಗಳು ಖಾಲಿ ಬೀಳುತ್ತವೆ. ಪುಟಕ್ಕೊಂದು ಡಾಕ್ಯುಮೆಂಟ್, ಅದರಲ್ಲಿ ಬೇಕಾದಷ್ಟೇ ವಿವರ. ಆ ಪುಸ್ತಕಕ್ಕೆ ಒಪ್ಪುವ ರಚನೆ ಅದೇ ಎಂದು ಈಗಲೂ ನಂಬುತ್ತೇನೆ.

ನನ್ನ ಪೈಥಾನ್ ಪ್ರೋಗ್ರಾಮನ್ನು ಅದಕ್ಕೆ ಜೋಡಿಸುವುದು ಪೈಮಾಂಗೊ ಎಂಬ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. 2018ರ ಅಕ್ಟೋಬರ್‌ನಲ್ಲಿ ಮಾಂಗೊಡಿಬಿ ತನ್ನ ಸರ್ವರ್‌ನ ಪರವಾನಗಿಯನ್ನು ಎಸ್‌ಎಸ್‌ಪಿಎಲ್ (ಸರ್ವರ್ ಸೈಡ್ ಪಬ್ಲಿಕ್ ಲೈಸೆನ್ಸ್) ಎಂಬುದಕ್ಕೆ ಬದಲಿಸಿತು. ಅದನ್ನು ಮುಕ್ತ ಪರವಾನಗಿ ಎಂದು, ಅಂಥ ಪರವಾನಗಿಗಳನ್ನು ಪರಿಶೀಲಿಸುವ ಓಪನ್ ಸೋರ್ಸ್ ಇನಿಷಿಯೇಟಿವ್ ಸಂಸ್ಥೆ ಒಪ್ಪಿಲ್ಲ. ಪೈಮಾಂಗೊ ಮಾತ್ರ ಅಪಾಚೆ 2.0 ಎಂಬ ಮುಕ್ತ ಪರವಾನಗಿಯಲ್ಲೇ ಇದೆ. ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಬಹುದು.

ಆ ಲೈಬ್ರರಿ ನನಗೆ ಹಲವು ಪಾಠ ಕಲಿಸಿದೆ. ಆರಂಭದಲ್ಲಿ ಪ್ರತಿ ಕೋರಿಕೆಗೂ ಹೊಸ ಕ್ಲೈಂಟ್ (ಡೇಟಾಬೇಸ್ ಜೊತೆ ಮಾತಾಡುವ ಕೊಂಡಿ) ತೆರೆಯುತ್ತಿದ್ದೆ. ಸಂಪರ್ಕಗಳು ರಾಶಿ ಬಿದ್ದವು. ಇಡೀ ಪ್ರೋಗ್ರಾಮಿಗೆ ಒಂದೇ ಕ್ಲೈಂಟ್ ಸಾಕು, ಅದು ತನ್ನೊಳಗೇ ಸಂಪರ್ಕಗಳ ಗುಂಪೊಂದನ್ನು ಸಾಕಿಕೊಂಡು ಸರದಿಯಂತೆ ಹಂಚುತ್ತದೆ. ನಾವು ಏನೂ ಹೇಳದಿದ್ದರೆ ಆ ಗುಂಪಿನ ಮಿತಿ 100. ಕ್ಲೈಂಟ್ ತೆರೆದ ಸಾಲಿನಲ್ಲಿ ದೋಷ ಬಾರದಿದ್ದರೆ ಸಂಪರ್ಕ ಸಿಕ್ಕಿದೆ ಎಂದೂ ಅರ್ಥವಲ್ಲ. ಅದು ಹಿನ್ನೆಲೆಯಲ್ಲಿ ಜೋಡಿಸಿಕೊಳ್ಳುತ್ತಿರುತ್ತದೆ. ಸರ್ವರ್ ಸಿಗದಿದ್ದರೆ ಮೊದಲ ಓದು ಅಥವಾ ಬರಹದ ಹೊತ್ತಿಗೆ 30 ಸೆಕೆಂಡು ಕಾದು ಆಮೇಲೆ ಸೋಲೊಪ್ಪುತ್ತದೆ. ಆಲೆಮನೆಯಲ್ಲಿ ನೆಟ್‌ವರ್ಕ್ ಹೋಗುವುದು ದಿನದ ಮಾತು. ಪಾಕ ಹದಕ್ಕೆ ಬಂದ ಗಳಿಗೆಯಲ್ಲಿ ಒಬ್ಬ ಮನುಷ್ಯ 30 ಸೆಕೆಂಡು ಪರದೆ ನೋಡುತ್ತ ನಿಲ್ಲಲಾರ. ಅದನ್ನು 3 ಸೆಕೆಂಡಿಗೆ ಇಳಿಸಿದೆ, ವಿಫಲವಾದದ್ದನ್ನು ಮೊಬೈಲಿನಲ್ಲೇ ಹಿಡಿದಿಟ್ಟು ಆಮೇಲೆ ಕಳಿಸುವಂತೆ ಮಾಡಿದೆ. ದುಡ್ಡಿನ ಮೊತ್ತವನ್ನು ಪೈಥಾನಿನ ಡೆಸಿಮಲ್ (ದಶಮಾಂಶ ಸಂಖ್ಯೆ) ಆಗಿ ಕೊಟ್ಟಾಗ ಪೈಮಾಂಗೊ ಸ್ವೀಕರಿಸಲೇ ಇಲ್ಲ. ಈಗ ಎಲ್ಲ ಹಣವೂ ಪೈಸೆಯ ಪೂರ್ಣಾಂಕವಾಗಿ ಕೂರುತ್ತದೆ.

ಗುರುವಾರದ ತೊಡಕು ಇವೆಲ್ಲಕ್ಕಿಂತ ಬೇರೆ.

ಮಂಗಳವಾರ ಎರಡು ಕಡಿಮೆ, ಬುಧವಾರ ಎರಡು ಹೆಚ್ಚು. ಮಂಗಳವಾರದ ಎರಡು ಜಾರಿ ಬುಧವಾರಕ್ಕೆ ಬಿದ್ದಿವೆ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿ, ತಡವಾಗಿ ತಲುಪಿದ ದಾಖಲೆಗಳನ್ನು ಒಂದು ಗಂಟೆ ಹುಡುಕಿದೆ. ಒಂದೂ ಇರಲಿಲ್ಲ. ಕೊನೆಗೆ ಬುಧವಾರದ ಆ ಎರಡು ಡಾಕ್ಯುಮೆಂಟ್‌ಗಳನ್ನು ತೆರೆದು ನೋಡಿದೆ. ಒಂದರ ಸಮಯ ರಾತ್ರಿ 9 ಗಂಟೆ 40 ನಿಮಿಷ, ಇನ್ನೊಂದರದು 11 ಗಂಟೆ 50 ನಿಮಿಷ. ಎರಡಕ್ಕೂ ಐದೂವರೆ ಗಂಟೆ ಕೂಡಿಸಿದೆ. ಗುರುವಾರ ಬೆಳಗಿನ ಜಾವ 3.10, 5.20. ಅಂದರೆ ಅವು ಮಾವ ಫೋನ್ ಮಾಡುವ ಮುಂಚೆಯೇ ಅದೇ ದಿನ ಇಳಿಸಿದ ಕೊಪ್ಪರಿಗೆಗಳು. ಮಂಗಳವಾರ ಕಾಣೆಯಾದ ಎರಡು ಸೋಮವಾರದಲ್ಲಿ ಕುಳಿತಿದ್ದವು.

ಮಾಂಗೊಡಿಬಿ ಮಾಹಿತಿಯನ್ನು ಇಡುವ ಬಿಎಸ್‌ಒಎನ್ ಎಂಬ ರೂಪದಲ್ಲಿ ದಿನಾಂಕವೆಂದರೆ 64 ಬಿಟ್‌ಗಳ ಒಂದು ಪೂರ್ಣಾಂಕ: 1970ರ ಜನವರಿ 1ರಿಂದ ಈಚೆಗೆ ಕಳೆದ ಮಿಲಿಸೆಕೆಂಡುಗಳು, ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕದಲ್ಲಿ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪಾಂಡವಪುರವೋ ಗ್ರೀನಿಚ್ಚೋ ಎಂದು ಬರೆದಿಡಲು ಅದರಲ್ಲಿ ಜಾಗವಿಲ್ಲ. ನಾನು ಭಾರತದ ಸಮಯವೆಂದು ಗುರುತು ಹಾಕಿಯೇ ಕೊಟ್ಟಿದ್ದೆ. ಪೈಮಾಂಗೊ ಅದನ್ನು ಸರಿಯಾಗಿಯೇ ಯುಟಿಸಿಗೆ ತಿರುಗಿಸಿ ಇಟ್ಟಿತ್ತು. ದಿನವಾರು ಮೊತ್ತ ತೆಗೆಯುವಾಗ ಯಾವ ಊರಿನ ದಿನ ಎಂದು ನಾನು ಹೇಳಿರಲಿಲ್ಲ. ಹೇಳದಿದ್ದರೆ ಯುಟಿಸಿಯ ದಿನ. ಅಲ್ಲಿ ದಿನ ಬದಲಾಗುವುದು ನಮ್ಮ ಬೆಳಗ್ಗೆ ಐದೂವರೆಗೆ. ಆಲೆಮನೆ ಅಷ್ಟು ಹೊತ್ತಿಗೆ ಎರಡು ಕೊಪ್ಪರಿಗೆ ಮುಗಿಸಿರುತ್ತದೆ.

ಇಷ್ಟು ದಿನ ಇದು ಕಣ್ಣಿಗೆ ಬೀಳದೆ ಹೇಗೆ ಉಳಿಯಿತು ಎಂದು ಯೋಚಿಸಿದಾಗ ಮೈ ಜುಂ ಎಂದಿತು. ಪ್ರತಿದಿನವೂ ಮುಂಜಾವಿನ ಎರಡು ಹಿಂದಿನ ದಿನಕ್ಕೆ ಹೋಗುತ್ತಿದ್ದವು, ಮರುದಿನದ ಎರಡು ಬಂದು ಆ ಜಾಗ ತುಂಬುತ್ತಿದ್ದವು. ಮೊತ್ತ ಆರಕ್ಕೆ ಆರೇ. ಈ ಸಲದ ಆಲೆ ಶುರುವಾದದ್ದಕ್ಕೂ ಹಿಂದಿನ ದಿನವನ್ನು ತೆಗೆದು ನೋಡಿದೆ. ಒಲೆಗೆ ಬೆಂಕಿಯೇ ಹಾಕಿರದ ಆ ದಿನದ ಹೆಸರಿನಲ್ಲೂ ಎರಡು ಕೊಪ್ಪರಿಗೆ ಇದ್ದವು. ಗಾಣದ ಬೆಲ್ಟ್ ಹರಿಯದಿದ್ದರೆ ಈ ತಪ್ಪು ಆಲೆ ಮುಗಿಯುವವರೆಗೂ ಹಾಗೆಯೇ ಉಳಿಯುತ್ತಿತ್ತು.

ತಿದ್ದಿದ್ದು ಎರಡು ಕಡೆ. ಮೊತ್ತ ತೆಗೆಯುವಲ್ಲಿ ದಿನಾಂಕವನ್ನು ಅಕ್ಷರಕ್ಕಿಳಿಸುವ ಹಂತಕ್ಕೆ 'ಏಷ್ಯಾ/ಕೋಲ್ಕತಾ' ಎಂಬ, ಇಡೀ ಭಾರತದ ಕಾಲವಲಯದ ಹೆಸರು ಕೊಟ್ಟೆ. ಪೈಮಾಂಗೊ ಓದಿ ಕೊಡುವ ಸಮಯಕ್ಕೆ ತಾನಾಗಿ ಕಾಲವಲಯದ ಗುರುತು ಇರುವುದಿಲ್ಲ. ಮಾಹಿತಿ ತಿರುಗಿಸುವ ಬಗೆ ಹೇಳುವ ಅದರ ಕೋಡೆಕ್ ಆಯ್ಕೆಗಳಲ್ಲಿ ಅದೇ ವಲಯವನ್ನು ಹೇಳಿ, ಗುರುತು ಇಟ್ಟೇ ಕೊಡುವಂತೆ ಮಾಡಿದೆ. ಈ ತಿರುಗಿಸುವ ಕೆಲಸ ನಡೆಯುವ ಫೈಲನ್ನು ಅಂದು ಸಂಜೆ ಕುಳಿತು ಓದಿದೆ. ಬೇರೆಯವರು ಬರೆದದ್ದು ಅಷ್ಟು ನೇರವಾಗಿ ಕಣ್ಣೆದುರು ಇರುವುದು ನನಗೆ ದೊಡ್ಡ ಧೈರ್ಯ.

ಆ ಶನಿವಾರ ಆಲೆಮನೆಗೆ ಹೋಗಿ ಮಾವನಿಗೆ ಹೊಸ ಪಟ್ಟಿ ತೋರಿಸಿದೆ. ಅವರು ಅಚ್ಚುಮಣೆಯ ಪಕ್ಕ ಕುಳಿತು, ಬೆರಳಿಟ್ಟು ಓದಿ, ಒಂದು ಸಾಲಿನ ಮೇಲೆ ನಿಂತರು. "ಇದು ಶುಕ್ರವಾರದ್ದಲ್ಲ, ಗುರುವಾರದ್ದು."

"ಇಳಿಸಿದ್ದು ರಾತ್ರಿ 12.40ಕ್ಕೆ ಮಾವ, ಶುಕ್ರವಾರವೇ ಆಗುತ್ತದೆ."

"ಒಲೆ ಆರಿರಲಿಲ್ಲ, ಆಳುಗಳೂ ಅವರೇ. ಒಲೆ ಹೊತ್ತಿಸಿದ ದಿನ ಯಾವುದೋ ಅದೇ ದಿನ."

ಅವರ ಮಾತು ಸರಿ. ಕೂಲಿ ಹಂಚುವುದು ಆ ಲೆಕ್ಕದಲ್ಲಿಯೇ. ಗಡಿಯಾರದ ನಡುರಾತ್ರಿಗೂ ಅದಕ್ಕೂ ಸಂಬಂಧವಿಲ್ಲ. ಇಳಿಸಿದ ಸಮಯವನ್ನು ಹಾಗೆಯೇ ಉಳಿಸಿ, ಪ್ರತಿ ಡಾಕ್ಯುಮೆಂಟಿಗೂ 'ಒಲೆಯ ದಿನ' ಎಂಬ ಹೊಸ ವಿವರ ಸೇರಿಸಿದೆ. ಮೊಬೈಲಿನಲ್ಲಿ 'ಒಲೆ ಹೊತ್ತಿಸಿದೆ' ಎಂಬ ಗುಂಡಿ ಬಂತು. ಅದನ್ನು ಒತ್ತಿದ ಮೇಲೆ ಇಳಿಯುವ ಕೊಪ್ಪರಿಗೆಗಳೆಲ್ಲ ಆ ದಿನಕ್ಕೆ ಸೇರುತ್ತವೆ, ಮತ್ತೆ ಒತ್ತುವವರೆಗೆ. ಹಳೆಯವುಗಳಲ್ಲಿ ಆ ವಿವರ ಇಲ್ಲದಿದ್ದರೂ ಡೇಟಾಬೇಸ್ ತಕರಾರು ಮಾಡುವುದಿಲ್ಲ, ಇಲ್ಲದವುಗಳನ್ನಷ್ಟೇ ಹುಡುಕಿ ಕೊಡು ಎಂದರೆ ಕೊಡುತ್ತದೆ. ಹಾಗೆ ಸಿಕ್ಕವು 214.

ಮಾವ ಕೆಂಪು ರಟ್ಟಿನ ಪುಸ್ತಕ ತಂದು ಒಂದೊಂದೇ ದಿನ ಓದಿದರು, ನಾನು ತುಂಬುತ್ತ ಹೋದೆ. ಅತ್ತೆ ಬಿಸಿ ಬೆಲ್ಲವನ್ನು ಬಾಳೆ ಎಲೆಯ ಚೂರಿನಲ್ಲಿಟ್ಟು ಕೊಟ್ಟರು. ಕತ್ತಲಾಗುವ ಹೊತ್ತಿಗೆ 31 ಉಳಿದಿದ್ದವು. ಮುಂದಿನ ಭಾನುವಾರ ಅದಕ್ಕೇ ಹೋಗುತ್ತಿದ್ದೇನೆ.