ಶಾಲೆ ಬಿಟ್ಟ ಮೇಲಿನ ಎಂಎ

ಕೆಲಸ ಬಿಡದೆ ಇಗ್ನೋದಲ್ಲಿ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂಎಗೆ ಸೇರುವ ಶಿಕ್ಷಕರು ಶುಲ್ಕಕ್ಕಿಂತ ಮೊದಲು ಗಂಟೆಗಳ ಲೆಕ್ಕ ಹಾಕಬೇಕು. ಅಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. 80 ಕ್ರೆಡಿಟ್‌ನ ಕೋರ್ಸಿಗೆ 2,400 ಗಂಟೆ. ಎರಡೇ ವರ್ಷದಲ್ಲಿ ಮುಗಿಸುವುದಾದರೆ ವಾರಕ್ಕೆ 23 ಗಂಟೆ! ದಿನವಿಡೀ ಪಾಠ ಮಾಡಿ, ರಾತ್ರಿ ಉತ್ತರಪತ್ರಿಕೆ ತಿದ್ದುವವರಿಗೆ ಇದು ಹೊರೆಯೇ. ನಾಲ್ಕು ವರ್ಷಕ್ಕೆ ಹಂಚಿದರೆ 12 ಗಂಟೆ ಸಾಕು, ಹಾಗೆ ಮಾಡುವುದರಲ್ಲಿ ಅವಮಾನವೇನೂ ಇಲ್ಲ.

ಹೆಚ್ಚಿನವರು ಎಡವುವುದು ಅಸೈನ್‌ಮೆಂಟಿನಲ್ಲಿ, ಅಂದರೆ ಮನೆಯಲ್ಲೇ ಉತ್ತರ ಬರೆದು ಸಲ್ಲಿಸುವ ಕೆಲಸದಲ್ಲಿ. ಸಾಮಾನ್ಯವಾಗಿ 30% ಅಂಕ ಅದಕ್ಕೇ. ಪರೀಕ್ಷೆ ಚೆನ್ನಾಗಿ ಬರೆದರೂ ಅದು ಬಾಕಿಯಿದ್ದರೆ ಆ ಪತ್ರಿಕೆ ಮುಗಿಯದು. ಗಡುವು ದಾಟಿದರೆ ಹೊಸ ಪ್ರಶ್ನೆಗಳಿಗೆ ಮತ್ತೆ ಮೊದಲಿನಿಂದ ಬರೆಯಬೇಕು. ಏಪ್ರಿಲ್ ರಜೆ, ದಸರಾ ರಜೆ ಎರಡನ್ನೂ ಇದಕ್ಕೇ ಮೀಸಲಿಡಿ. ಸಲ್ಲಿಸುವ ಮೊದಲು ಪ್ರತಿ ಪುಟದ ಫೋಟೋ, ಆಮೇಲೆ ಸ್ವೀಕೃತಿ ರಸೀದಿ, ಎರಡೂ ಜೋಪಾನ.

ಜೂನ್ ಪರೀಕ್ಷೆ ಶಾಲೆ ಶುರುವಾಗುವ ಗಡಿಬಿಡಿಯಲ್ಲೇ ಬರುತ್ತದೆ. ವೇಳಾಪಟ್ಟಿ ಬಂದ ದಿನವೇ ಮುಖ್ಯೋಪಾಧ್ಯಾಯರಿಗೆ ರಜೆ ಅರ್ಜಿ ಕೊಡಿ. ಸರ್ಕಾರಿ ಶಿಕ್ಷಕರಾದರೆ ಸೇರುವ ಮುನ್ನವೇ ಇಲಾಖೆಯ ಅನುಮತಿ ಪತ್ರ ಕೈಯಲ್ಲಿರಲಿ. ಪದವಿಯನ್ನು ಸೇವಾ ಪುಸ್ತಕದಲ್ಲಿ ಸೇರಿಸುವಾಗ ಮೊದಲು ಕೇಳುವುದೇ ಅದನ್ನು.