ಸಿಂಧು ಯಾತ್ರಾ ಮಾತೆಯ ಸನ್ನಿಧಿಯಲ್ಲಿ

ತಿರುವನಂತಪುರದಿಂದ ದಕ್ಷಿಣಕ್ಕೆ, ವಿಝಿಂಜಮ್ ಬಂದರಿನ ಮಗ್ಗುಲಲ್ಲಿರುವ ಇಗರ್ಜಿಯನ್ನು ಅಲ್ಲಿನ ಮೀನುಗಾರರು ಸಿಂಧು ಯಾತ್ರಾ ಮಾತೆಗೆ ಅರ್ಪಿಸಿದ್ದಾರೆ. ಕಡಲಿಗೆ ಇಳಿದವರನ್ನು ಕ್ಷೇಮವಾಗಿ ದಡ ಸೇರಿಸುವ ತಾಯಿ ಎಂದು ನಂಬಿ ಮಾತೆ ಮರಿಯಮ್ಮನವರನ್ನು ಬೇಡಿಕೊಳ್ಳುವ ಠಾವು ಅದು. ಮರಿಯಮ್ಮನವರ ಹುಟ್ಟುಹಬ್ಬವೂ ಹೊಸ ತೆನೆಯ ಹಬ್ಬವೂ ಆದ ಮೊಂತಿ ಫೆಸ್ತಿನ ನೊವೆನಾ (ಒಂಬತ್ತು ದಿನಗಳ ಪ್ರಾರ್ಥನೆ) ಶುರುವಾಗುವ ಮೊದಲು ಒಮ್ಮೆ ಆ ತಾಯಿಯ ಮುಂದೆ ಮೊಣಕಾಲೂರಬೇಕೆಂಬ ಹರಕೆ 2018ರ ಮಹಾನೆರೆಯ ಕಾಲದಿಂದಲೂ ನನ್ನಲ್ಲಿತ್ತು. ಈ ವರ್ಷ ಅದು ಸಂದಿತು.

ಬಲಿಪೂಜೆ ಮುಗಿದ ಮೇಲೆ ಬಂದರಿಗೆ ಇಳಿದು, ಮರಳಿಗೆ ಎಳೆದಿಟ್ಟಿದ್ದ ಒಂದು ಫೈಬರ್ ದೋಣಿಯ ಅಂಚನ್ನು ಮುಟ್ಟಿದೆ. ಅಲ್ಲಿನ ದೋಣಿಗಳ ಎಂಜಿನ್ನಿಗೆ ಸೀಮೆಎಣ್ಣೆಯೇ ಆಧಾರವಾದ್ದರಿಂದ ಹಲಗೆ, ಹಗ್ಗ, ಬಲೆ ಎಲ್ಲವೂ ಅದೇ ವಾಸನೆಯಲ್ಲಿ ನೆನೆದಿರುತ್ತವೆ. ಮರಳಿ ಇಗರ್ಜಿಗೆ ಬಂದು ತೀರ್ಥದಲ್ಲಿ ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಂಡರೆ ಹಣೆಯಲ್ಲಿ ಸೀಮೆಎಣ್ಣೆ, ಎದೆಯಲ್ಲಿ ಸೀಮೆಎಣ್ಣೆ, ಎರಡೂ ಭುಜಗಳಲ್ಲಿ ಸೀಮೆಎಣ್ಣೆ. ಧೂಪದ ಪರಿಮಳ ಬಂದರಷ್ಟೇ ಭಕ್ತಿ ಉಕ್ಕುವ ನನ್ನಂಥವನಿಗೆ ಅಂದು ಆ ವಾಸನೆಯೇ ಸಾಕಾಯಿತು; ಜಪಸರದ ಮಣಿಗಳಿಗೂ ಅದು ಹತ್ತಿತು, ಊರಿಗೆ ಬಂದ ಮೇಲೂ ಬಹಳ ದಿನ ಅವುಗಳಲ್ಲಿ ಉಳಿದಿತ್ತು.

2018ರ ಆಗಸ್ಟ್ ನಡುವಿನಲ್ಲಿ ಕೇರಳದ ಅಣೆಕಟ್ಟುಗಳು ತುಂಬಿ ಬಾಗಿಲು ತೆರೆದು, ಪಂಪಾ ನದಿ ಚೆಂಗನ್ನೂರು, ಆರನ್ಮುಳ ಕಡೆಯ ಮನೆಗಳ ಒಳಗೆ ನುಗ್ಗಿದಾಗ, ಮಾಳಿಗೆಯ ಮೇಲೆ ನಿಂತು ಕೂಗುತ್ತಿದ್ದವರ ಬಳಿಗೆ ಹೋಗಲು ಬೇಕಾಗಿದ್ದದ್ದು ದೋಣಿ ಮತ್ತು ಅದನ್ನು ನಡೆಸಬಲ್ಲ ಕೈ. ತಿರುವನಂತಪುರದ ಮಹಾಧರ್ಮಪ್ರಾಂತ್ಯ ತನ್ನ ಕರಾವಳಿಯ ಇಗರ್ಜಿಗಳಿಗೆ ಕರೆ ಕೊಟ್ಟಿತು. ಆಗಿನ ಮಹಾಧರ್ಮಾಧ್ಯಕ್ಷರಾದ ಸೂಸಪಾಕ್ಯಂ ಅವರು ಸ್ವತಃ ಮೀನುಗಾರರ ಊರಿನಲ್ಲಿ ಹುಟ್ಟಿದವರು. ಯಾರನ್ನು, ಏನೆಂದು ಕೇಳಬೇಕೆಂದು ಅವರಿಗೆ ತಿಳಿದಿತ್ತು. ವಿಝಿಂಜಮ್, ಪೂಂತುರ ಮೊದಲಾದ ಊರುಗಳಿಂದ ದೋಣಿಗಳು ಲಾರಿಯೇರಿ, ಕಡಲನ್ನು ಬೆನ್ನಿಗೆ ಹಾಕಿ, ಗುಡ್ಡಗಾಡಿನ ಕಡೆಗೆ ಹೊರಟವು. ಬೇರೆ ಜಿಲ್ಲೆಗಳ ಮುಸ್ಲಿಂ, ಹಿಂದೂ ಮೀನುಗಾರರೂ ಹೀಗೆಯೇ ಹೊರಟಿದ್ದರು. ಒಟ್ಟು 669 ದೋಣಿಗಳು, ನಾಲ್ಕೂವರೆ ಸಾವಿರ ಮೀನುಗಾರರು, ಅವರು ಬದುಕಿಸಿದ ಜನ ಸುಮಾರು 65,000 ಎಂದು ಸರ್ಕಾರ ಹೇಳಿತು. ಮುಖ್ಯಮಂತ್ರಿಗಳು ಅವರನ್ನು ಕೇರಳದ ಸೈನ್ಯವೆಂದು ಕರೆದರು.

ಇಷ್ಟನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ನಾವು ಬೇಗ ಮರೆತದ್ದು ಇದರ ಹಿಂದಿನ ವರ್ಷವನ್ನು. 2017ರ ನವೆಂಬರ್ 30 ಸಂತ ಅಂದ್ರೆಯರ ಹಬ್ಬ. ಪೇತ್ರನ ಸಹೋದರರಾದ ಅವರೂ ಬಲೆ ಬೀಸಿ ಬದುಕಿದವರು. ಅದೇ ದಿನ ಓಖಿ ಚಂಡಮಾರುತ ಆ ತೀರಕ್ಕೆ ಬಡಿಯಿತು. ಎಚ್ಚರಿಕೆ ತಲುಪುವ ಮೊದಲೇ ಕಡಲಿಗೆ ಹೋಗಿದ್ದ ಅನೇಕರು ಮರಳಲಿಲ್ಲ. ಎಷ್ಟೋ ಮನೆಗಳಿಗೆ ಮಣ್ಣು ಮಾಡಲು ದೇಹವೂ ಸಿಗಲಿಲ್ಲ. ತಮ್ಮವರನ್ನು ಹುಡುಕಲು ಸಾಕಷ್ಟು ಹಡಗು ಬರಲಿಲ್ಲ, ಬಂದದ್ದೂ ತಡವಾಗಿ ಬಂತು ಎಂಬ ನೋವು ಆ ಕೇರಿಗಳಲ್ಲಿ ಆರಿರಲಿಲ್ಲ. ಒಂಬತ್ತು ತಿಂಗಳೂ ತುಂಬದ ಆ ಹೊತ್ತಿನಲ್ಲಿ ಅದೇ ಕೇರಿಗಳ ಜನ ಇನ್ನೊಬ್ಬರ ಮಾಳಿಗೆಯ ಕೂಗಿಗೆ ಓಗೊಟ್ಟರು.

ಬಂದರಿನಲ್ಲಿ ಬಲೆ ಸರಿಪಡಿಸುತ್ತ ಕುಳಿತಿದ್ದ ಹಿರಿಯರೊಬ್ಬರ ಬಳಿ, “ಚೇಟ್ಟಾ, ನೀವೂ ಹೋಗಿದ್ದಿರಾ?” ಎಂದು ನನಗೆ ಬರುವ ಕಾಸರಗೋಡಿನ ಮಲಯಾಳದಲ್ಲಿ ಕೇಳಿದೆ. ಹೋಗಿದ್ದರು. ಇಗರ್ಜಿಯ ಮೈಕಿನಲ್ಲಿ ರಾತ್ರಿ ಫಾದರ್ ಕರೆದರಂತೆ, ಬೆಳಗಾಗುವಷ್ಟರಲ್ಲಿ ದೋಣಿ ಲಾರಿಯ ಮೇಲಿತ್ತಂತೆ. ಪ್ರಾರ್ಥನೆಯ ಮಾತು ಬರಬಹುದೆಂದು ನಾನು ಕಾದೆ. ಅವರು ಹೇಳಿದ್ದು ಗೋಡೆಗಳ ವಿಷಯ. “ಕಡಲಿಗೆ ಅಲೆ ಇದೆ, ಗೋಡೆ ಇಲ್ಲ. ಅಲ್ಲಿ ನೀರಿನಡಿ ಎಲ್ಲರ ಮನೆಯ ಪಾಗಾರ, ಗೇಟು, ಕಂಬ.” ದೋಣಿಯ ತಳ ಪಾಗಾರದ ಮೇಲೆ ಉಜ್ಜಿ ಸೀಳುಬಿಟ್ಟದ್ದನ್ನು ಅಂಗೈಯನ್ನು ಅಂಗೈಗೆ ಉಜ್ಜಿ ತೋರಿಸಿದರು. ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿ ಕೊಡುವುದಾಗಿ ಆಮೇಲೆ ಸರ್ಕಾರ ಹೇಳಿದಾಗ ಬೇಡವೆಂದವರೂ ಇದ್ದರು, ತೆಗೆದುಕೊಂಡವರೂ ಇದ್ದರು. ತೆಗೆದುಕೊಂಡವರ ಭಕ್ತಿ ಕಡಿಮೆಯೆಂದು ನಾನು ಎಣಿಸುವುದಿಲ್ಲ. ಸೀಳಿದ ದೋಣಿಯನ್ನು ಸರಿಮಾಡದೆ ಅನ್ನ ಹುಟ್ಟುವುದಿಲ್ಲ.

ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸು ಪೇತ್ರನ ದೋಣಿಯಲ್ಲಿ ಕುಳಿತು ಜನರಿಗೆ ಬೋಧಿಸುತ್ತಾರೆ. ರಾತ್ರಿಯಿಡೀ ಮೀನು ಸಿಗದೆ ಬಲೆ ತೊಳೆಯುತ್ತಿದ್ದವನ ಬಳಿ ಅವರು ಮೊದಲು ಕೇಳಿದ್ದು ದೋಣಿಯನ್ನು. ತನ್ನನ್ನು ಹಿಂಬಾಲಿಸುವ ಕರೆ ಆಮೇಲೆ ಬಂತು. ಈ ಕ್ರಮವನ್ನು ಅಷ್ಟು ಸಲ ಓದಿಯೂ ನಾನು ಗಮನಿಸಿರಲಿಲ್ಲ. ಉಪಯೋಗಕ್ಕಿರುವುದನ್ನು, ನಾಳೆಯ ಹೊಟ್ಟೆಪಾಡು ಯಾವುದರ ಮೇಲೆ ನಿಂತಿದೆಯೋ ಅದನ್ನೇ, ದೇವರು ಕೇಳುತ್ತಾನೆ.

ನನ್ನ ವ್ಹಡ್ಲಿಮಾಂಯ್‌ಗೆ (ಅಜ್ಜಿಗೆ) ಇದು ಯಾರೂ ಹೇಳಿಕೊಡದೆ ತಿಳಿದಿತ್ತು. 1974ರ ಜುಲೈಯಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆ ಮುಳುಗಿದಾಗ ನಮ್ಮ ವಾಡೆಯ (ಇಗರ್ಜಿಗೆ ಸೇರಿದ ನಮ್ಮ ಕೇರಿಯ) ಮುಂದಾಳಾದ ಗುರ್ಕಾರರು ನೆರೆಯಲ್ಲಿ ನೊಂದವರಿಗಾಗಿ ಅಕ್ಕಿ ಕೂಡಿಸಲು ಗೋಣಿ ಹಿಡಿದು ಬಂದರು. ಆಟಿ ತಿಂಗಳು, ಯಾರ ಮನೆಯಲ್ಲೂ ಅಕ್ಕಿ ಉಕ್ಕುವ ಕಾಲವಲ್ಲ. ನಮ್ಮ ಅಟ್ಟದಲ್ಲಿ ಉಳಿದಿದ್ದದ್ದು ಬೈಹುಲ್ಲಿನಲ್ಲಿ ಕಟ್ಟಿಟ್ಟ ಎರಡು ಮುಡಿ ಅಕ್ಕಿ. ನಾಲ್ಕು ಸೇರು ಕೊಟ್ಟರೆ ಸಾಕು ಬಾಯಮ್ಮ ಎಂದು ಗುರ್ಕಾರರು ಗೋಣಿಯ ಬಾಯಿ ಅಗಲಿಸಿದರು. ವ್ಹಡ್ಲಿಮಾಂಯ್ ಏಣಿ ಹತ್ತಿ, ಬೈಹುಲ್ಲಿನ ಹಗ್ಗದಿಂದ ಬಿಗಿದು ಹೊಗೆಯಲ್ಲಿ ಕಪ್ಪಾಗಿದ್ದ ಒಂದು ಮುಡಿಯನ್ನು ಉರುಳಿಸಿಕೊಂಡು ಬಂದು ಜಗಲಿಯಲ್ಲಿಟ್ಟರು. “ಮುಡಿ ಬಿಚ್ಚಿದರೆ ಹುಳ ಬೀಳುತ್ತದೆ, ಗುರ್ಕಾರರೇ. ಇಡೀ ತಕ್ಕೊಂಡು ಹೋಗಿ.” 42 ಸೇರು ಅಕ್ಕಿ. ಹೊಸ ತೆನೆ ಬರುವವರೆಗೆ ನಾವು ಹಲಸಿನ ಬೀಜ, ಕೆಸುವಿನ ಎಲೆ, ತಗಟೆ ಸೊಪ್ಪುಗಳೊಡನೆ ನೀರು ಹೆಚ್ಚಾದ ಗಂಜಿ ಕುಡಿದೆವು. ನಾವು ಮಕ್ಕಳು ಗೊಣಗಿದ್ದೂ ನೆನಪಿದೆ. ಆ ಸೆಪ್ಟೆಂಬರ್ 8ರಂದು ಆಶೀರ್ವದಿಸಿದ ತೆನೆಯ ಕಾಳು ಸುಲಿದು ಹಾಲಿಗೆ ಹಾಕಿ ಕೊಟ್ಟಾಗ, ಅದನ್ನು ಕೈಗೆ ತೆಗೆದುಕೊಂಡ ವ್ಹಡ್ಲಿಮಾಂಯ್ ಬಹಳ ಹೊತ್ತು ಕುಡಿಯಲಿಲ್ಲ.

2018ರಲ್ಲಿ ಕೇರಳದ ಜೊತೆಗೆ ನಮ್ಮ ಕೊಡಗೂ ಕುಸಿಯಿತು. ಜೋಡುಪಾಲದಲ್ಲಿ ಗುಡ್ಡವೇ ಜಾರಿ ಮಡಿಕೇರಿಯ ದಾರಿ ಮುಚ್ಚಿತು. ನಮ್ಮ ಇಗರ್ಜಿಯಲ್ಲಿಯೂ ವಾಡೆವಾಡೆಯಿಂದ ಸಾಮಾನು ಕೂಡಿಸಿದೆವು. ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಪಾವ್ಲ್ ಸಭೆಯವರೊಡನೆ ನಾನು ಗಂಟು ಬಿಚ್ಚಲು ಕುಳಿತಿದ್ದೆ. ಅಕ್ಕಿ, ಚಾಪೆ, ಹೊಸ ಕಂಬಳಿ ಕೊಟ್ಟವರಿದ್ದರು; ಅವರನ್ನು ದೇವರು ಹರಸಲಿ. ಆದರೆ ಗಂಟು ಗಂಟು ಹರಿದ ಲಂಗ, ಗುಂಡಿಯಿಲ್ಲದ ಅಂಗಿ, ಬಣ್ಣ ಹೋದ ಪರದೆಗಳೂ ಬಂದವು. ಮನೆ ಕಳೆದುಕೊಂಡವನು ಮಾನವನ್ನೂ ಕಳೆದುಕೊಂಡಿರಬೇಕೆಂದು ನಾವು ಎಣಿಸಿದಂತಿತ್ತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಒಂದು ಹೊತ್ತು ಬಿಟ್ಟು ಆ ಅಕ್ಕಿಯನ್ನು ಬಡವರ ಡಬ್ಬಕ್ಕೆ ಹಾಕುತ್ತಿದ್ದ ಮನೆಗಳಲ್ಲಿ ಈಗ ಉಪವಾಸವೆಂದರೆ ಮೀನಿನ ಊಟ. ಮೊಂತಿ ಫೆಸ್ತಿಗೆ ಮಕ್ಕಳು ಮರಿಯಮ್ಮನವರಿಗೆ ಅರ್ಪಿಸುವ ಹೂವುಗಳಿಗೂ ಅದೇ ಗತಿ ಬಂದಿದೆ. ಬದುವಿನಲ್ಲಿ, ಬೇಲಿಯಲ್ಲಿ ಮಳೆಗೆ ನೆನೆಯುತ್ತ ಮಕ್ಕಳು ಆಯುತ್ತಿದ್ದ ಹೂವು ಈಗ ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ.

ವಿಝಿಂಜಮಿನಿಂದ ಬಂದ ಮೇಲೆ ಗುರ್ಕಾರರ ಸಭೆಯಲ್ಲಿ ಒಂದು ಮಾತು ಇಟ್ಟಿದ್ದೇನೆ. ಆಗಸ್ಟ್ 30ಕ್ಕೆ ಶುರುವಾಗುವ ನೊವೆನಾದ ಒಂಬತ್ತು ದಿನಗಳಲ್ಲಿ ಒಂದು ದಿನ ಪ್ರತಿ ಮನೆಯವರೂ ತಾವು ಉಣ್ಣುವ ಅಕ್ಕಿಯಿಂದಲೇ ಅಳೆದು ತಂದು ಮರಿಯಮ್ಮನವರ ಪಾದದ ಬಳಿ ಇಡಬೇಕು, ಅದು ಮುಂದಿನ ನೆರೆಗಾಗಿ ವಿನ್ಸೆಂಟ್ ಪಾವ್ಲ್ ಸಭೆಯವರ ಕೈಯಲ್ಲಿರಬೇಕು. ಅಕ್ಕಿಯನ್ನು ಅಷ್ಟು ಕಾಲ ಇಟ್ಟರೆ ಹುಳ ಬೀಳುತ್ತದೆ ಎಂದು ಒಬ್ಬರು ಆಕ್ಷೇಪಿಸಿದರು. ಹಾಗಾದರೆ ಆಯಾ ತಿಂಗಳೇ ಊರಿನ ಬಡವರಿಗೆ ಕೊಟ್ಟು, ಅದರ ಬೆಲೆಯನ್ನು ಸಭೆಯ ಖಾತೆಗೆ ಹಾಕೋಣವೆಂದು ಫಾದರ್ ಹೇಳಿದರು. ಈ ಸಲ ನಮ್ಮ ವಾಡೆ ಮೊದಲು ತರುತ್ತದೆ.